ಫ್ಯಾಸಿಸಮ್ಮೂ ಸಾಮ್ರಾಜ್ಯವೂ: ಕಮಲಾದೇವಿಯವರ ನಿಲುವು

ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರೆತ್ತಿದೊಡನೆ ಕೈಮಗ್ಗ, ಕರಕುಶಲ ಕಲೆಗಳ ಪುನರುಜ್ಜೀವನವೇ ನಮ್ಮ ನೆನಪಿಗೆ ಬರುವುದು ಸಹಜವಾದರೂ, 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಈ ಮಹಿಳೆ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಜಗತ್ತಿನ ಸ್ತ್ರೀಸಂಘಟನೆಗಳ ಮುಂದೆ ನಿಂತು ಎತ್ತಿದ ಪ್ರಶ್ನೆಯ ಬೆಲೆ ಅದಕ್ಕಿಂತ ಕಡಿಮೆಯದಲ್ಲ. ಫ್ಯಾಸಿಸಮ್ಮನ್ನು ಖಂಡಿಸುವವರು ಸಾಮ್ರಾಜ್ಯದ ವಿಷಯದಲ್ಲಿ ಮೌನ ತಳೆಯಬಹುದೇ ಎಂಬುದೇ ಆ ಪ್ರಶ್ನೆ.

ಅಂತರರಾಷ್ಟ್ರೀಯ ಮಹಿಳಾ ಒಕ್ಕೂಟವು 1929ರ ಜೂನಿನಲ್ಲಿ ತನ್ನ ಜನ್ಮಸ್ಥಳವಾದ ಬರ್ಲಿನ್ನಿನಲ್ಲಿಯೇ 25ನೆಯ ವರ್ಷದ ಅಧಿವೇಶನವನ್ನು ನಡೆಸಿದಾಗ, ನಾನಾ ದೇಶಗಳ ಧ್ವಜಗಳ ಸಾಲಿನಲ್ಲಿ ಪರಾಧೀನ ಭಾರತಕ್ಕೆ ತನ್ನದೆಂಬ ಬಾವುಟವಿರಲಿಲ್ಲವಾಗಿ, ನಮ್ಮ ಪ್ರತಿನಿಧಿಗಳು ಸೀರೆಗಳನ್ನೇ ಹರಿದು ತ್ರಿವರ್ಣಧ್ವಜವನ್ನು ಸಿದ್ಧಪಡಿಸಿದರು. ನಾಲ್ಕೇ ವರ್ಷಗಳ ತರುವಾಯ ಅದೇ ದೇಶದಲ್ಲಿ ಹಿಟ್ಲರನ ಆಡಳಿತಕ್ಕೆ ಅಧೀನವಾಗಿ ಬಾಳಲೊಲ್ಲದೆ ಜರ್ಮನ್ ಮಹಿಳಾ ಸಂಘಗಳ ಮಹಾಮಂಡಲವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಶಾಂತಿವಾದಿ ಗೇಬ್ರಿಯೆಲ್ ದುಶೇನ್ ಮೊದಲಾದವರ ಮುಂದಾಳುತನದಲ್ಲಿ ಯುದ್ಧ ಹಾಗೂ ಫ್ಯಾಸಿಸಂ ವಿರೋಧಿ ಮಹಿಳೆಯರ ಜಾಗತಿಕ ಸಮ್ಮೇಳನ ನೆರೆಯಿತು.

ಯೂರೋಪಿನ ಸ್ತ್ರೀಯರು ಭಾವೀ ವಿಪತ್ತೆಂದು ಭಯಪಟ್ಟ ಸ್ಥಿತಿಯಾದರೋ, ವಸಾಹತುಗಳ ಪ್ರಜೆಗಳಿಗೆ ಆಗಲೇ ನಿತ್ಯಾನುಭವವಾಗಿದ್ದಿತು. ವಿಚಾರಣೆಯಿಲ್ಲದ ಸೆರೆವಾಸ, ಪತ್ರಿಕೆಗಳ ಮೇಲಣ ನಿರ್ಬಂಧ ಇವೆಲ್ಲ ಇಲ್ಲಿ ಹೊಸವೇನಲ್ಲ. ಬ್ರಿಟಿಷರ ಛತ್ರಛಾಯೆಯಲ್ಲಿ ನಿಜಾಮನು ಆಳುತ್ತಿದ್ದ ನಮ್ಮ ರಾಯಚೂರು ಸೀಮೆಯಲ್ಲಂತೂ ಸಾರ್ವಜನಿಕ ಸಭೆಗೂ ಸರಕಾರದ ಅಪ್ಪಣೆ ಬೇಕಾಗಿದ್ದಿತು. ಮದ್ರಾಸು ಪ್ರಾಂತದ ಶಾಸನಸಭೆಗೆ 1926ರಲ್ಲಿಯೇ ಸ್ಪರ್ಧಿಸಿ ಕಮಲಾದೇವಿಯವರು ಅಲ್ಪ ಅಂತರದಿಂದ ಸೋತಿದ್ದರೆ, ರಾಯಚೂರು ಸೀಮೆಯ ಸಿರವಾರ, ಮಾನ್ವಿ, ದೇವದುರ್ಗದ ಹೆಣ್ಣುಮಕ್ಕಳು ಸಾರ್ವತ್ರಿಕ ಚುನಾವಣೆಯಲ್ಲಿ ಮತವನ್ನು ಹಾಕಲು 1952ರವರೆಗೆ ಕಾಯಬೇಕಾಯಿತು.

ಫ್ಯಾಸಿಸಮ್ಮೆಂಬ ದೊಡ್ಡ ಶತ್ರುವು ಬಾಗಿಲಲ್ಲಿ ನಿಂತಿರುವಾಗ ವಸಾಹತುಗಳ ಅಹವಾಲನ್ನು ಮುಂದಕ್ಕೆ ಹಾಕಬೇಕೆಂಬ ವಾದ ಆಗಲೂ ಇದ್ದಿತು. ಶತ್ರುವಿನ ಶತ್ರುವೇ ಮಿತ್ರನೆಂದು ಬಗೆದವರೂ ಇದ್ದರು. ಕಮಲಾದೇವಿಯವರು ಇವೆರಡನ್ನೂ ಒಪ್ಪಲಿಲ್ಲ. 1939ರ ಜುಲೈಯಲ್ಲಿ ಕೋಪನ್‌ಹೇಗನ್ನಿನಲ್ಲಿ ನಡೆದ ಮಹಿಳಾ ಒಕ್ಕೂಟದ ಅಧಿವೇಶನದಲ್ಲಿ ಭಾಗವಹಿಸಿ, ಯುದ್ಧವಾರಂಭವಾದ ಮೇಲೆ ಅಮೆರಿಕದಲ್ಲಿ ಭಾರತದ ಪಕ್ಷವನ್ನು ಸಾರುತ್ತ ಸಂಚರಿಸಿ, 1941ರಲ್ಲಿ ಚೀನಾ ಜಪಾನುಗಳಿಗೂ ಹೋಗಿಬಂದ ಅವರು, ಬ್ರಿಟಿಷರ ವೈರಿಯೆಂಬ ಕಾರಣಕ್ಕೆ ಜಪಾನಿನ ಸೈನಿಕಶಾಹಿಯನ್ನು ಮನ್ನಿಸದೆ, ಯುದ್ಧಪೀಡಿತ ಚೀನಾದ ಕುರಿತು ಪುಸ್ತಕವನ್ನೇ ಬರೆದರು.

ಪರರ ದೇಶದ ಸರ್ವಾಧಿಕಾರವನ್ನು ಹಳಿಯುವುದಕ್ಕೆ ವಿಶೇಷ ಧೈರ್ಯ ಬೇಕಿಲ್ಲ. ತನಗೆ ಲಾಭ ತರುತ್ತಿರುವ ಅಧಿಕಾರವನ್ನು ಪ್ರಶ್ನಿಸುವಾಗಲೇ ಧೈರ್ಯದ ಪರೀಕ್ಷೆಯಾಗುವುದು. ಆಯ್ಕೆಯಾದ ಸದಸ್ಯೆಯ ಬದಲಿಗೆ ಆಕೆಯ ಗಂಡ ಪಂಚಾಯತಿಯಲ್ಲಿ ಮಾತನಾಡುವುದನ್ನೂ, ಒಂದೇ ಹೊಲದಲ್ಲಿ ದುಡಿದ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಸಲ್ಲುವುದನ್ನೂ ಕಂಡೂ ಕಾಣದಂತಿರುವ ನಾವು, ಜಗತ್ತಿನ ಪ್ರಜಾಪ್ರಭುತ್ವದ ಬಗ್ಗೆ ಉಪದೇಶ ಕೊಡುವ ಮುನ್ನ ಆ ಪರೀಕ್ಷೆಗೆ ನಮ್ಮನ್ನು ನಾವೇ ಒಡ್ಡಿಕೊಳ್ಳಬೇಕು.