ಚಿತ್ರ ಯಾರ ಸೊತ್ತು?

ಹೆಸರುಘಟ್ಟದ ಸರಕಾರಿ ಚಲಚ್ಚಿತ್ರ ಸಂಸ್ಥೆಯಲ್ಲಾಗಲಿ ಪುಣೆಯದರಲ್ಲಾಗಲಿ ಕಲಿತು ಬಂದ ತರುಣರು ಸಂಬಳಕ್ಕೆ ಕಾಯದೆ, ಮದುವೆ ಮುಂಜಿಗಳ ಛಾಯಾಚಿತ್ರ, ವಿಡಿಯೊಗಳ ಸ್ವತಂತ್ರ ಉದ್ಯೋಗಕ್ಕೆ ತೊಡಗುವುದುಂಟು. ಮಗನೋ ಮಗಳೋ ಹೀಗೆ ಹೊರಟರೆ ಹಿರಿಯರು ಕ್ಯಾಮರಾದ ಬೆಲೆಯನ್ನು ವಿಚಾರಿಸುವರು. ಕರಾರುಪತ್ರದ ಮಾತೆತ್ತುವವರು ವಿರಳ. ವಾಚಕರು ತಿಳಿದಿರತಕ್ಕ ಸಂಗತಿಯೊಂದುಂಟು: 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಹಣಕೊಟ್ಟು ತೆಗೆಯಿಸಿದ ಛಾಯಾಚಿತ್ರಕ್ಕೂ ಚಲಚ್ಚಿತ್ರಕ್ಕೂ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಯಿಸಿದವರೇ ಮೊದಲ ಒಡೆಯರು. ಬೆಳಕನ್ನಳೆದು ಕ್ಷಣಕ್ಕೆ ಕಾದವನು ತಾನಾದರೂ, ಮುಂದಿನ ಗಿರಾಕಿಗೆ ಮಾದರಿಯೆಂದು ಅದನ್ನು ಬಳಸಲು ಅನುಮತಿ ಬೇಡಬೇಕಾದೀತು. ಇದು ಅನ್ಯಾಯವೆನ್ನಲಾರೆ, ಮುಖಗಳು ಮದುವೆಮನೆಯವರವೇ ತಾನೆ? ಪರಿಚಿತರಲ್ಲಿ ಕಾಗದ ಕೇಳಲು ಸಂಕೋಚವೇನೋ ನಿಜ. ಆದರೂ ಮುಂಗಡ ಹಿಡಿಯುವ ಮೊದಲೇ, ಯಾವ ಚಿತ್ರಗಳನ್ನು ಎಲ್ಲಿ ಪ್ರದರ್ಶಿಸಬಹುದೆಂಬುದನ್ನು ಬರೆಯಿಸಿ, ಉಭಯತರೂ ರುಜು ಹಾಕತಕ್ಕದ್ದು.