ಹಗಲಲ್ಲೇ ಹೋಗೋಣ, ದಾರಿಯನ್ನೂ ನೋಡೋಣ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ಕಣ್ಣು ಮುಚ್ಕೊಂಡು ಸುತ್ತು ಅಂತ ಯಾರೂ ಹೇಳಿಲ್ಲ. ಈ ಮಾತು ಯಾಕೆ ಬರೆಯುತ್ತಿದ್ದೇನೆ ಅಂದ್ರೆ, ಡಿಸೆಂಬರ್ ಹತ್ತಿರ ಬಂತು, ಶಾಲೆಯಲ್ಲಿ ಪ್ರವಾಸದ ಮಾತು ಎದ್ದಿದೆ. ಈ ಸಲ ಮೈಸೂರಿನ ಮೇಲೆ ಊಟಿ ಕೆರೆಗೆ ಎಂದು ಹೆಚ್ಚುಕಮ್ಮಿ ತೀರ್ಮಾನವಾಗಿದೆ. ಬಹಳ ಸಂತೋಷ. ಆದರೆ ರಾತ್ರಿ ಊಟ ಮುಗಿಸಿ ಬಸ್ ಹತ್ತುವುದು, ಎರಡು ದಿನದಲ್ಲಿ ಏಳು ಜಾಗ ನೋಡುವುದು, ಮತ್ತೆ ರಾತ್ರಿಯೇ ವಾಪಸ್ ಬರುವುದು ಎನ್ನುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ, ಓದಿ.

ಮೊದಲನೇ ಕಾರಣ ನಾವು ಹುಡುಗಿಯರು. ಹೋದ ವರ್ಷ ನಮ್ಮ ತರಗತಿಯ 18 ಹುಡುಗಿಯರಲ್ಲಿ ಪ್ರವಾಸಕ್ಕೆ ಹೋದದ್ದು 5 ಜನ. ದುಡ್ಡಿಲ್ಲದೆ ಉಳಿದವರು ಇಬ್ಬರೋ ಮೂವರೋ. ಮಿಕ್ಕವರೆಲ್ಲ ಉಳಿದದ್ದು 'ರಾತ್ರಿ ಬಸ್ಸಾ? ಬೇಡ ಕಣವ್ವ' ಎಂಬ ಒಂದೇ ಮಾತಿಗೆ. ಮನೆಯವರನ್ನು ಬೈದು ಪ್ರಯೋಜನವಿಲ್ಲ. ಅವರ ಭಯ ಸುಳ್ಳಲ್ಲ. ಹಗಲೆಲ್ಲ ಓಡಿಸಿದ ಡ್ರೈವರಣ್ಣ ರಾತ್ರಿಯೂ ಘಟ್ಟ ಇಳಿಸಬೇಕು ಅಂದ್ರೆ ಅವರೂ ಮನುಷ್ಯರೇ ತಾನೆ?

ಎರಡನೇ ಕಾರಣ, ರಾತ್ರಿ ಹೊರಟರೂ ರಾತ್ರಿ ದಾಟೋಕೆ ಆಗಲ್ಲ! 2009ರಿಂದ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸು ಮತ್ತು ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ದಾರಿ. ಕತ್ತಲಲ್ಲಿ ರಸ್ತೆ ದಾಟುವ ಜಿಂಕೆ, ಚಿರತೆಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಅದಕ್ಕೇ ಈ ನಿಯಮ. ನಾವು ಗೇಟಿನ ಮುಂದೆ ಚಳಿಯಲ್ಲಿ ಬೆಳಗಾಗುವ ತನಕ ಕೂರಬೇಕೇ? ಅದರ ಬದಲು ಮನೆಯಲ್ಲೇ ಮಲಗಿ ಬೆಳಗಿನ ಜಾವ ಎದ್ದು ಹೊರಡಬಹುದಲ್ಲ.

ಮೂರನೇ ಕಾರಣವೇ ಮುಖ್ಯ. ಊಟಿ ಚೆಂದ, ಊಟಿಯ ದಾರಿ ಇನ್ನೂ ಚೆಂದ. ಮೈಸೂರು ಬಿಟ್ಟರೆ ನಂಜನಗೂಡು. ಅಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಆಮೇಲೆ ಗುಂಡ್ಲುಪೇಟೆ, ಬಲಗಡೆ ದೂರದಲ್ಲಿ ಮಂಜು ಹೊದ್ದ ಗೋಪಾಲಸ್ವಾಮಿ ಬೆಟ್ಟ. ಆಮೇಲೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಕಾಡುಗಳಲ್ಲಿ ಇದೂ ಒಂದು. ಗಡಿ ದಾಟಿದರೆ ತೆಪ್ಪಕಾಡು ಆನೆ ಶಿಬಿರ. 2023ರಲ್ಲಿ ಆಸ್ಕರ್ ಗೆದ್ದ ಆನೆಮರಿಯ ಸಾಕ್ಷ್ಯಚಿತ್ರ ತೆಗೆದದ್ದು ಇಲ್ಲಿಯೇ. ಬೆಳಿಗ್ಗೆ ಹೋದರೆ ಆನೆಗಳಿಗೆ ರಾಗಿ, ಹುರುಳಿ ಬೇಯಿಸಿ ಉಂಡೆ ಕಟ್ಟಿ ತಿನ್ನಿಸೋದನ್ನು ನೋಡಬಹುದು. ನಮ್ಮನೆ ಊಟವೇ ಅಲ್ಲವೇ ಅದು! ಮುಂದೆ ಗೂಡಲೂರು, ಅಲ್ಲಿಂದ ಘಟ್ಟ, ಚಹಾ ತೋಟ, ನೀಲಗಿರಿ ಮರಗಳು, ಪೈಕಾರ. ನಿದ್ದೆಗಣ್ಣಲ್ಲಿ ಹೋದವರಿಗೆ ಇದರಲ್ಲಿ ಒಂದಾದರೂ ಕಂಡೀತೆ?

ಮಸಿನಗುಡಿ ಮೇಲೆ ಹೋದರೆ ಸುಮಾರು 30 ಕಿ.ಮೀ. ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ. ನಿಜ. ಆದರೆ ಆ ಕಲ್ಲಟ್ಟಿ ಘಟ್ಟದಲ್ಲಿ 36 ಕಡಿದಾದ ತಿರುವುಗಳಿವೆ. ದೊಡ್ಡ ಬಸ್ಸಿಗೆ ಅದು ದಾರಿಯಲ್ಲ. ನಮಗೆ ಗೂಡಲೂರು ದಾರಿಯೇ ಸರಿ.

ಈ ದಾರಿಯಲ್ಲಿ ಪಾಠವೂ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿ ಸುಮಾರು 2,240 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಣ್ಣಗಾಗುತ್ತೆ ಎಂದು ಪುಸ್ತಕದಲ್ಲಿ ಓದಿದ್ದೇವೆ. ಪ್ರಯೋಗಾಲಯದ ಥರ್ಮಾಮೀಟರ್ ತಗೊಂಡು ಹೋಗಿ ಗುಂಡ್ಲುಪೇಟೆ, ಗೂಡಲೂರು, ಊಟಿಯಲ್ಲಿ ನೋಡಿ ಬರೆದುಕೊಂಡರೆ ಆ ಪಾಠ ಜನ್ಮದಲ್ಲಿ ಮರೆಯಲ್ಲ. ಅಲ್ಲಿನ ಬಡಗರ ಮಾತನ್ನೂ ಕಿವಿಗೊಟ್ಟು ಕೇಳಬೇಕು. ಬಡಗ ಅಂದ್ರೆ ಉತ್ತರ ದಿಕ್ಕು. ಅವರ ನುಡಿ ನಮ್ಮ ಕನ್ನಡಕ್ಕೆ ಹತ್ತಿರದ ನೆಂಟ.

'ಒಂದು ಕೆರೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?' ಅಂತ ಹತ್ತನೇ ತರಗತಿಯ ಅಣ್ಣಂದಿರು ಕೇಳುತ್ತಾರೆ. ಹೋಗಬೇಕು. ಊಟಿ ಕೆರೆ ತಾನಾಗೇ ಆದದ್ದಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1823ರಿಂದ 1825ರ ಹೊತ್ತಿಗೆ ಹಳ್ಳಕ್ಕೆ ಏರಿ ಹಾಕಿಸಿ ಕಟ್ಟಿಸಿದ್ದು. ನಮ್ಮೂರ ಕೆರೆಯ ಹಾಗೆಯೇ! ಮೊದಲು ಅದು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಕೆರೆಯ ಜಾಗ ಕುದುರೆ ರೇಸಿನ ಮೈದಾನಕ್ಕೆ, ಬಸ್ ನಿಲ್ದಾಣಕ್ಕೆ ಹೋಯಿತು. ಊರಿನ ಕೊಳಚೆ ಸೇರಿ ನೀರೂ ಕೆಟ್ಟಿತು. ದೋಣಿ ಹತ್ತಿ ಖುಷಿಪಡೋಣ, ಜೊತೆಗೆ ಇದನ್ನೂ ತಿಳಿದು ಬರೋಣ. ಆಮೇಲೆ ನಮ್ಮ ಕೆರೆ ಏರಿ ಮೇಲೆ ನಿಂತಾಗ ಬೇರೆ ಕಣ್ಣಿಂದ ನೋಡ್ತೀವಿ.

ನನ್ನ ಯೋಜನೆ ಹೀಗಿದೆ. ಬೆಳಿಗ್ಗೆ 5ಕ್ಕೆ ಶಾಲೆ ಬಿಟ್ಟು, 5.30ಕ್ಕೆ ಮೈಸೂರು. 7.30ರ ಹೊತ್ತಿಗೆ ಬಂಡೀಪುರ, 8ಕ್ಕೆ ತೆಪ್ಪಕಾಡು, 12ರೊಳಗೆ ಊಟಿ. ಬುತ್ತಿ ಊಟ, ದೋಣಿ, ಕೆರೆ ಸುತ್ತ ನಡಿಗೆ. ಮಧ್ಯಾಹ್ನ 3ಕ್ಕೆ ಸರಿಯಾಗಿ ಬಸ್ ಹೊರಡಬೇಕು. ಆಗ 6.30ರ ಸುಮಾರಿಗೆ ಕಾಡು ದಾಟಿ 9ಕ್ಕೆಲ್ಲ ಮನೆ ಸೇರಬಹುದು. ಲಾಡ್ಜಿನ ಖರ್ಚು ಇಲ್ಲ, ಎರಡನೇ ದಿನದ ಬಸ್ ಬಾಡಿಗೆ ಇಲ್ಲ. ಉಳಿದ ದುಡ್ಡಲ್ಲಿ ಕೊಡಲಾಗದ ಗೆಳೆಯರನ್ನೂ ಕರೆದೊಯ್ಯಬಹುದು.

ಮುಂಚೆಯೇ ಮಾಡಬೇಕಾದ ಕೆಲಸ ಕೆಲವಿವೆ. 2024ರ ಮೇ 7ರಿಂದ ಹೈಕೋರ್ಟ್ ಆದೇಶದಂತೆ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಬಸ್ಸಿಗೆ ತಮಿಳುನಾಡಿನ ಪರ್ಮಿಟ್ಟೂ ಬೇಕು. ಬಿಸಾಡುವ ಪ್ಲಾಸ್ಟಿಕ್ ಬಾಟಲಿ ಅಲ್ಲಿ ತರುವಂತಿಲ್ಲ, ಎಲ್ಲರೂ ಸ್ಟೀಲಿನ ಬಾಟಲಿ ತರಲಿ. ಡಿಸೆಂಬರಿನಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ, ಸ್ವೆಟರ್ ಮರೆಯಬಾರದು. ಘಟ್ಟದಲ್ಲಿ ವಾಂತಿ ಬರುವವರಿಗೆ ಮುಂದಿನ ಸೀಟು, ಕೈಯಲ್ಲಿ ನಿಂಬೆಹಣ್ಣು!

ಏಳು ಜಾಗಕ್ಕೆ ಕಾಲಿಟ್ಟು ಬಂದೆವು ಎನ್ನುವುದಕ್ಕಿಂತ ಒಂದು ದಾರಿಯನ್ನು ಪೂರ್ತಿ ನೋಡಿದೆವು ಎನ್ನುವುದು ಮೇಲು. ಅದಕ್ಕಿಂತ ಮೇಲು, 18ಕ್ಕೆ 18 ಜನವೂ ಬಸ್ಸಿನಲ್ಲಿ ಇದ್ದೆವು ಎನ್ನುವುದು. ಗುರುಗಳು ದಯವಿಟ್ಟು ಯೋಚಿಸಬೇಕು. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಒಪ್ಪಿದವರು ಇವತ್ತೇ ಮನೆಯಲ್ಲಿ ಅಪ್ಪ ಅವ್ವನ ಹತ್ರ ಕೇಳಿ ನೋಡಿ. ಹಗಲು ಬಸ್ಸು ಅಂತ ಹೇಳೋದು ಮರೀಬೇಡಿ!

– ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ