ರಾಯಭಾರಿಯ ಮನೆಯಲ್ಲಿ ಇಬ್ಬರು ರಾಯಭಾರಿಗಳು!

ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನಲ್ಲಿರುವ ವಿನ್‌ಫೀಲ್ಡ್ ಹೌಸ್ ಅಮೆರಿಕ ರಾಯಭಾರಿಯ ಅಧಿಕೃತ ನಿವಾಸ. ನೆಟ್‌ಫ್ಲಿಕ್ಸ್‌ನ ‘ದಿ ಡಿಪ್ಲೊಮ್ಯಾಟ್’ ಸರಣಿಯಲ್ಲಿ ಈ ಬಂಗಲೆಗೆ ಒಲ್ಲದ ಮನಸ್ಸಿನಿಂದ ಬರುವ ಕೇಟ್ ವೈಲರ್, ಕಾಬೂಲ್‌ಗೆ ಹೊರಟು ನಿಂತಿದ್ದ ಅಧಿಕಾರಿ. ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದರ ಮೇಲೆ ದಾಳಿ ನಡೆದು ಹತ್ತಾರು ನಾವಿಕರು ಸತ್ತ ಕಾರಣಕ್ಕೆ ಆಕೆಯನ್ನು ತರಾತುರಿಯಲ್ಲಿ ಲಂಡನ್‌ಗೆ ಕಳುಹಿಸಲಾಗುತ್ತದೆ. ಜತೆಯಲ್ಲಿ ಬರುವವನು ಪತಿ ಹ್ಯಾಲ್. ಆತನೂ ಮಾಜಿ ರಾಯಭಾರಿ. ಈಗ ಹುದ್ದೆಯಿಲ್ಲ, ಸುಮ್ಮನಿರುವ ಸ್ವಭಾವವಂತೂ ಮೊದಲೇ ಇಲ್ಲ.

2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸರಣಿ 2025ರ ಅಕ್ಟೋಬರ್‌ನಲ್ಲಿ ಮೂರನೇ ಆವೃತ್ತಿಯನ್ನು ಕಂಡಿತು. ‘ದಿ ವೆಸ್ಟ್ ವಿಂಗ್’ ಮತ್ತು ‘ಹೋಮ್‌ಲ್ಯಾಂಡ್’ ತಂಡಗಳಲ್ಲಿ ಪಳಗಿದ ಡೆಬೊರಾ ಕಾನ್ ಇದರ ರೂವಾರಿ. ಕೇಟ್ ಆಗಿ ಕೆರಿ ರಸೆಲ್, ಹ್ಯಾಲ್ ಆಗಿ ರೂಫಸ್ ಸೀವೆಲ್ ನಟಿಸಿದ್ದಾರೆ. ಮೇಲ್ನೋಟಕ್ಕೆ ಇದು ದಾಳಿಯ ಹಿಂದಿನ ಕೈ ಯಾವುದೆಂದು ಹುಡುಕುವ ಕಥೆ. ಆದರೆ ಪ್ರೇಕ್ಷಕರನ್ನು ಹಿಡಿದು ಕೂರಿಸುವುದು ಬೇರೆಯೇ ಪ್ರಶ್ನೆ: ಒಂದು ದೇಶದ ಪ್ರತಿನಿಧಿಯ ಸಂಸಾರ ಆ ದೇಶಕ್ಕೆ ಎಷ್ಟರಮಟ್ಟಿಗೆ ಸೇರಿದ್ದು?

ಸರಣಿಯ ಹಲವು ಸಂಗತಿಗಳು ಅಸಂಭವ. ವಿದೇಶಾಂಗ ಸಚಿವರು, ಬೇಹುಗಾರರು, ಪ್ರಧಾನಿಯ ಆಪ್ತರು ಮಾಡಬೇಕಾದ ಕೆಲಸವನ್ನೆಲ್ಲ ಒಬ್ಬ ರಾಯಭಾರಿ ಒಂದೇ ದಿನದಲ್ಲಿ ಮಾಡಿ ಮುಗಿಸುತ್ತಾಳೆ. ಕೇಟ್‌ಳಂಥ ವೃತ್ತಿಪರ ಅಧಿಕಾರಿ ಲಂಡನ್ನಿನ ಈ ಹುದ್ದೆಗೆ ಬರುವುದೇ ಅಪರೂಪ. ಇತ್ತೀಚಿನ ದಶಕಗಳಲ್ಲಿ ಹಾಗೆ ಬಂದವರು 1991ರಿಂದ 1994ರವರೆಗೆ ಇದ್ದ ರೇಮಂಡ್ ಸೈಟ್ಜ್ ಒಬ್ಬರೇ. ಉಳಿದಂತೆ ಅದು ಅಧ್ಯಕ್ಷರ ಆಪ್ತರಿಗೆ, ಚುನಾವಣಾ ನಿಧಿಗೆ ಕೈಬಿಚ್ಚಿ ಕೊಟ್ಟವರಿಗೆ ಸಲ್ಲುವ ಗೌರವ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅಲ್ಲಿದ್ದ ವುಡಿ ಜಾನ್ಸನ್ ಫುಟ್‌ಬಾಲ್ ತಂಡವೊಂದರ ಮಾಲೀಕರು. 2025ರಲ್ಲಿ ಹೋದ ವಾರನ್ ಸ್ಟೀಫನ್ಸ್ ಹೂಡಿಕೆ ಬ್ಯಾಂಕರ್.

ಇಷ್ಟಾದರೂ ಸಂಸಾರದ ಭಾಗ ಮಾತ್ರ ನಂಬುವಂತಿದೆ. ಕೇಟ್‌ಗೆ ವಿಚ್ಛೇದನ ಬೇಕು. ಆದರೆ ಆಕೆಗೆ ತಿಳಿಯದಂತೆಯೇ ಆಕೆಯನ್ನು ಅಮೆರಿಕದ ಉಪಾಧ್ಯಕ್ಷ ಪದವಿಗೆ ಪರೀಕ್ಷಿಸಲಾಗುತ್ತಿದೆ. ಆ ಪದವಿ ಬೇಕೆಂದರೆ ಪತಿ ಪಕ್ಕದಲ್ಲಿರಬೇಕು, ಫೋಟೊದಲ್ಲಿ ನಗುತ್ತಿರಬೇಕು. ಹೀಗಾಗಿ ಮುರಿದುಬೀಳಲಿರುವ ಮದುವೆಗೆ ಸರ್ಕಾರವೇ ತೇಪೆ ಹಾಕತೊಡಗುತ್ತದೆ.

(ಸರಣಿಯನ್ನು ಇನ್ನೂ ನೋಡದವರು ಮುಂದಿನ ಪ್ಯಾರಾವನ್ನು ಬಿಟ್ಟು ಓದಬಹುದು.)

ಎರಡನೇ ಆವೃತ್ತಿಯ ಕೊನೆಗೆ, ದಾಳಿಯ ಮೂಲ ಸಂಚು ಅಮೆರಿಕದ ಉಪಾಧ್ಯಕ್ಷೆ ಗ್ರೇಸ್ ಪೆನ್‌ಳದೇ ಎಂಬ ಸತ್ಯವನ್ನು ಹ್ಯಾಲ್ ಫೋನಿನಲ್ಲಿ ನೇರವಾಗಿ ಅಧ್ಯಕ್ಷರಿಗೇ ತಿಳಿಸುತ್ತಾನೆ. ಆತ ಮಾತಾಡಬೇಕಿದ್ದುದು ವಿದೇಶಾಂಗ ಸಚಿವರ ಜತೆ. ಆಘಾತದಿಂದ ಅಧ್ಯಕ್ಷರು ಸಾಯುತ್ತಾರೆ, ಪೆನ್ ಅಧ್ಯಕ್ಷೆಯಾಗುತ್ತಾಳೆ. ಪತ್ನಿಗೆ ಗೊತ್ತಿಲ್ಲದೆ ಪತಿ ಮಾಡಿದ ಒಂದು ಕರೆಯಿಂದ ಸರ್ಕಾರವೇ ಬದಲಾಗುತ್ತದೆ! ಇನ್ನೂ ಕಟುವಾದದ್ದು ಮುಂದಿದೆ. ಕೇಟ್‌ಗಾಗಿ ತಿಂಗಳುಗಟ್ಟಲೆ ಸಿದ್ಧಪಡಿಸಿದ್ದ ಉಪಾಧ್ಯಕ್ಷ ಪದವಿಯನ್ನು ಪೆನ್ ಕೊಡುವುದು ಹ್ಯಾಲ್‌ಗೆ. ಆತ ವಾಷಿಂಗ್ಟನ್‌ನಲ್ಲಿ, ಆಕೆ ಲಂಡನ್‌ನಲ್ಲಿ. ಒಳಗೊಳಗೆ ಬೇರ್ಪಟ್ಟಿದ್ದರೂ ಲೋಕದ ಕಣ್ಣಿಗೆ ದಂಪತಿ. ಮೂರನೇ ಆವೃತ್ತಿಯ ಹೊಸ ಪ್ರೇಮ ಪ್ರಸಂಗ ಸಪ್ಪೆಯೆನಿಸಿದರೂ, ಈ ಸಾರ್ವಜನಿಕ ನಟನೆಯ ದೃಶ್ಯಗಳು ಇಡೀ ಸರಣಿಯಲ್ಲೇ ಮೇಲುಮಟ್ಟದವು.

ಕಾಗದದ ಮೇಲಿದ್ದ ನಿಯಮ

ಸಂಸಾರ ಮತ್ತು ರಾಯಭಾರದ ಈ ಜಗ್ಗಾಟ ಟಿವಿಯವರ ಕಲ್ಪನೆಯಲ್ಲ. 1972ರವರೆಗೆ ಅಮೆರಿಕದ ವಿದೇಶಾಂಗ ಸೇವೆಯಲ್ಲಿ ಅಧಿಕಾರಿಯ ಪತ್ನಿ ಔತಣಗಳನ್ನು ಹೇಗೆ ನಡೆಸುತ್ತಾಳೆ, ಅತಿಥಿಗಳೊಡನೆ ಹೇಗೆ ಬೆರೆಯುತ್ತಾಳೆ ಎಂಬುದು ಅಧಿಕಾರಿಯ ವಾರ್ಷಿಕ ಮೌಲ್ಯಮಾಪನದಲ್ಲಿ ಸೇರುತ್ತಿತ್ತು. ಆಕೆಗೆ ಸಂಬಳವಿರಲಿಲ್ಲ, ಅಂಕ ಮಾತ್ರ ಇತ್ತು. ಅಧಿಕಾರಿಯೇ ಮಹಿಳೆಯಾಗಿದ್ದರೆ ಮದುವೆಯಾದೊಡನೆ ಸೇವೆಯಿಂದ ಹೊರನಡೆಯಬೇಕಿತ್ತು.

ಭಾರತದಲ್ಲಿ ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್‌ಗೆ ಒಯ್ದವರು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ನೀಡುವುದಾಗಿ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. 1961ರ ನಿಯಮಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದವು: ಮಹಿಳಾ ಅಧಿಕಾರಿ ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು. ಪುರುಷರಿಗೆ ಇಂಥ ಕಟ್ಟಳೆ ಇರಲಿಲ್ಲ. ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ಉನ್ನತ ಶ್ರೇಣಿಯ ಬಡ್ತಿ ತಪ್ಪಿದಾಗ ನ್ಯಾಯಾಲಯದ ಮೆಟ್ಟಿಲೇರಿದರು.

ಅರ್ಜಿ ವಿಚಾರಣೆಯಲ್ಲಿದ್ದಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಸಂಸಾರದ ಹೊಣೆ ಮಹಿಳೆಯ ಕರ್ತವ್ಯಕ್ಕೆ ಅಡ್ಡಬರಬಹುದಾದರೆ ಪುರುಷನ ಕರ್ತವ್ಯಕ್ಕೂ ಬರಬಹುದಲ್ಲವೇ ಎಂದು ತೀರ್ಪಿನಲ್ಲಿ ತರ್ಕಿಸಿ, ಸೇವಾ ನಿಯಮಗಳಲ್ಲಿನ ಲಿಂಗ ತಾರತಮ್ಯವನ್ನು ತೊಳೆಯುವಂತೆ ಸರ್ಕಾರಕ್ಕೆ ಸೂಚಿಸಿದರು.

ಆ ತರ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಹ್ಯಾಲ್ ವೈಲರ್ ಬೇರೆಯಾಗಿಯೇ ಕಾಣುತ್ತಾನೆ. ಇಲ್ಲಿ ಕರ್ತವ್ಯಕ್ಕೆ ಅಡ್ಡಬರುವುದು ಮಕ್ಕಳಲ್ಲ, ಅಡುಗೆಮನೆಯೂ ಅಲ್ಲ. ಪತ್ನಿಯ ಬೆನ್ನ ಹಿಂದೆ ಗುಪ್ತ ಭೇಟಿ ಏರ್ಪಡಿಸುವ, ಆಕೆಯ ಹುದ್ದೆಯ ಬಲದಿಂದಲೇ ಫೋನು ಮಾಡುವ ಪ್ರತಿಭಾವಂತ ಪತಿ. ಮದುವೆಗೆ ಮುನ್ನ ಅನುಮತಿ ಕೇಳಬೇಕೆಂದು ಆತನಿಗೆ ಯಾವ ಸರ್ಕಾರವೂ ಹೇಳಿರಲಾರದು. ಆತ ಮಾಡಿದ ಅನಾಹುತಕ್ಕೆ ಉತ್ತರ ಕೊಡಬೇಕಾದವಳು ಕೇಟ್. ಆತ ಖಳನಾಯಕನಲ್ಲ, ಬಹುಪಾಲು ಸಲ ಆತನ ಲೆಕ್ಕಾಚಾರ ಸರಿಯಾಗಿಯೇ ಇರುತ್ತದೆ ಎನ್ನುವುದು ಈ ಪಾತ್ರದ ಜಾಣ್ಮೆ. ಕೇಟ್‌ಗೆ ಆತನನ್ನು ಬಿಡಲಾಗದಿರುವುದಕ್ಕೂ ಅದೇ ಕಾರಣ.

ಮುತ್ತಮ್ಮ 1982ರಲ್ಲಿ ನಿವೃತ್ತರಾಗಿ, 2009ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಭಾರತದ ವಿದೇಶಾಂಗ ಕಾರ್ಯದರ್ಶಿ ಹುದ್ದೆಗೆ ಮಹಿಳೆಯೊಬ್ಬರು ಬಂದದ್ದು 2001ರಲ್ಲಿ. ಅವರು ಚೋಕಿಲಾ ಅಯ್ಯರ್.